ಪಿಕಪ್‌ನ ಹಿಂದಿನ ದೀಪ ಕೈಕೊಟ್ಟರೆ ಮೊದಲು ಅರ್ತ್ ನೋಡಿ

ಕೋಲಾರದ ಕಡೆಯಿಂದ ರಾತ್ರಿ ಟೊಮೆಟೊ ಹೊತ್ತು ಬರುವ ಹಳೆಯ ಬೊಲೆರೊ ಪಿಕಪ್, ಟಾಟಾ 207ಗಳನ್ನು ಹಿಂದಿನಿಂದ ನೋಡಿ. ಒಂದರಲ್ಲಿ ಎಡಗಡೆ ಟೈಲ್ ಲೈಟ್ ಮಂಕು, ಇನ್ನೊಂದರಲ್ಲಿ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಜೊತೆಗೇ ಮಿಣುಕುತ್ತದೆ. ಮಾಲೀಕರು ಬಲ್ಬ್ ಬದಲಿಸುತ್ತಾರೆ, ವಾರ ಕಳೆಯುವಷ್ಟರಲ್ಲಿ ಮತ್ತದೇ ಕಥೆ. ಹೊಸ ಗಾಡಿಯಲ್ಲಿ ಬಲ್ಬ್ ಮೇಲೆ ಅನುಮಾನಪಡುವುದು ಸರಿ. ಹತ್ತು ಮಳೆಗಾಲ ಕಂಡ ಗಾಡಿಯಲ್ಲಿ ಮೊದಲು ಅನುಮಾನಪಡಬೇಕಾದದ್ದು ಅರ್ತ್ ಮೇಲೆ, ಅಂದರೆ ದೀಪಕ್ಕೆ ಬಂದ ಕರೆಂಟ್ ಚಾಸಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿಯ ಮೇಲೆ. 8 ವರ್ಷ ದಾಟಿದ ಸರಕು ವಾಹನಕ್ಕೆ ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು, ಅಲ್ಲಿ ದೀಪಗಳನ್ನೂ ನೋಡುತ್ತಾರೆ. ಹಿಂದಿನ ದಿನ ಪರದಾಡುವ ಬದಲು ಬಿಡುವಿದ್ದಾಗ ಒಂದು ಬೆಳಗ್ಗೆ ಈ ಕೆಲಸ ಮುಗಿಸಿಕೊಳ್ಳಬಹುದು.

ಸ್ಕ್ರೂಡ್ರೈವರ್, ಸ್ಪ್ಯಾನರ್, ಉಪ್ಪು ಕಾಗದ, ನಾಲ್ಕೈದು ಮೀಟರ್ ವೈರ್, ಒಂದೆರಡು ಬಿಡಿ ಬಲ್ಬ್ ಸಾಕು. ಟೆಸ್ಟ್ ಲ್ಯಾಂಪ್ ಇಲ್ಲದಿದ್ದರೆ 12 ವೋಲ್ಟ್ ಬಲ್ಬ್‌ನ ಹೋಲ್ಡರಿಗೆ ಎರಡು ವೈರ್ ಕಟ್ಟಿಕೊಳ್ಳಿ, ಅದೇ ಟೆಸ್ಟ್ ಲ್ಯಾಂಪ್.

ಮೊದಲು ಲಕ್ಷಣ ಗುರುತಿಸಿ

ಸ್ಕ್ರೂಡ್ರೈವರ್ ಆಮೇಲೆ. ಹ್ಯಾಂಡ್ ಬ್ರೇಕ್ ಹಾಕಿ, ಒಬ್ಬರನ್ನು ಗಾಡಿಯ ಹಿಂದೆ ನಿಲ್ಲಿಸಿ. ಪಾರ್ಕ್ ಲೈಟ್, ಬ್ರೇಕ್, ಎಡ ಮತ್ತು ಬಲ ಇಂಡಿಕೇಟರ್ ಒಂದೊಂದಾಗಿ ಹಾಕಿ ನೋಡಿ. ಬಳಿಕ ಪಾರ್ಕ್ ಲೈಟ್ ಉರಿಯುತ್ತಿರುವಾಗಲೇ ಬ್ರೇಕ್ ತುಳಿದು ಇಂಡಿಕೇಟರನ್ನೂ ಹಾಕಿ. ಬಹಳ ಜನ ಇದನ್ನು ಮಾಡುವುದಿಲ್ಲ. ಒಂಟಿಯಾಗಿ ಸರಿಯಾಗಿ ಉರಿಯುವ ದೀಪ ಮೂರೂ ಒಟ್ಟಿಗೆ ಉರಿದಾಗ ಮಂಕಾದರೆ, ಆ ಕಡೆಯ ಅರ್ತ್ ಹೋಗಿದೆ ಎಂದೇ ತಿಳಿಯಿರಿ.

ಎರಡೂ ಬ್ರೇಕ್ ಲೈಟ್ ಇಲ್ಲ, ಉಳಿದದ್ದೆಲ್ಲ ಸರಿ ಇದೆ ಎಂದಾದರೆ ಫ್ಯೂಸ್ ಅಥವಾ ಪೆಡಲ್ ಮೇಲಿನ ಬ್ರೇಕ್ ಸ್ವಿಚ್ ಕಾರಣ. ಎರಡೇ ವೈರ್ ಇರುವ ಸ್ವಿಚ್ ಆದರೆ ಕಪ್ಲರ್ (ಸ್ವಿಚ್ಚಿಗೆ ವೈರ್ ಸಿಕ್ಕಿಸುವ ಪ್ಲಗ್) ಕಿತ್ತು, ಅದರ ಎರಡು ತುದಿಗಳನ್ನು ವೈರ್ ತುಂಡಿನಿಂದ ಕೂಡಿಸಿ. ದೀಪ ಹತ್ತಿದರೆ ಸ್ವಿಚ್ಚೇ ಸತ್ತಿದೆ. ಒಂದು ಕಡೆಯ ಒಂದೇ ದೀಪ ಇಲ್ಲದಿದ್ದರೆ ಬಲ್ಬ್ ಅಥವಾ ಹೋಲ್ಡರ್. ಇಂಡಿಕೇಟರ್ ಒಂದು ಕಡೆ ಮಾತ್ರ ಗಡಿಬಿಡಿಯಲ್ಲಿ ಮಿಣುಕಿದರೆ ಆ ಕಡೆಯ ಬಲ್ಬ್ ಒಂದು ಹೋಗಿರುತ್ತದೆ. ಎಲ್‌ಇಡಿ ಬಲ್ಬ್ ಹಾಕಿಸಿದ್ದರೆ ಕರೆಂಟ್ ಕಡಿಮೆ ಎಳೆಯುವುದರಿಂದಲೂ ಹೀಗಾಗುತ್ತದೆ, ಗಾಬರಿ ಬೇಡ.

ಬಲ್ಬ್, ಹೋಲ್ಡರ್

ಟೈಲ್ ಮತ್ತು ಬ್ರೇಕ್ ಎರಡಕ್ಕೂ ಸಾಮಾನ್ಯವಾಗಿ ಇರುವುದು ಒಂದೇ ಬಲ್ಬ್. ಅದರೊಳಗೆ ಎರಡು ತಂತಿ: 5 ವ್ಯಾಟ್‌ನದು ಟೈಲ್, 21 ವ್ಯಾಟ್‌ನದು ಬ್ರೇಕ್. ಪಕ್ಕದ ಎರಡು ಮೊಳೆ ಒಂದೇ ಎತ್ತರದಲ್ಲಿ ಇರುವುದಿಲ್ಲ. ತಿರುಗಮುರುಗಾ ಕೂರಬಾರದು ಎಂದೇ ಹಾಗೆ ಮಾಡಿರುತ್ತಾರೆ. ಆದರೂ ಸಡಿಲಾದ ಹಳೆಯ ಹೋಲ್ಡರಿಗೆ ಇಂಡಿಕೇಟರಿನ ಒಂಟಿ ತಂತಿಯ ಬಲ್ಬನ್ನು ಒತ್ತಿ ಕೂರಿಸುವವರಿದ್ದಾರೆ. ಬ್ರೇಕ್ ತುಳಿದರೆ ಡ್ಯಾಶ್‌ಬೋರ್ಡ್ ದೀಪವೂ ಹತ್ತಿಕೊಳ್ಳುವ ವಿಚಿತ್ರಕ್ಕೆ ಬಹಳ ಸಲ ಇದೇ ಕಾರಣ.

ಬಲ್ಬ್ ತೆಗೆದಾಗ ಹೋಲ್ಡರ್ ಒಳಗೆ ಹಸಿರು ಕಿಲುಬು ಕಂಡರೆ ಉಪ್ಪು ಕಾಗದದಿಂದ ಉಜ್ಜಿ, ತಳದ ಸ್ಪ್ರಿಂಗ್ ಒತ್ತಿದರೆ ಮೇಲೆ ಬರುತ್ತದೆಯೇ ನೋಡಿ. ಮಲ್ಪೆ, ಮಂಗಳೂರು ಬಂದರಿನಿಂದ ಮೀನು ಸಾಗಿಸುವ ಗಾಡಿಗಳಲ್ಲಿ ಕ್ರೇಟಿನಿಂದ ಸೋರುವ ಉಪ್ಪುನೀರು ದೀಪದ ಮೇಲೆಯೇ ಇಳಿಯುತ್ತದೆ. ಅಂಥ ಹೋಲ್ಡರ್ ಉಜ್ಜುತ್ತಾ ಕೂರುವುದು ದಂಡ, ಬದಲಿಸಿಬಿಡಿ. ಗಾಜು ಒಡೆದಿದ್ದರೆ ಅದನ್ನೂ ಬದಲಿಸಿ. ಬಿರುಕಿಗೆ ಟೇಪ್ ಸುತ್ತಿದರೆ ನೀರು ಒಳಗೇ ನಿಲ್ಲುತ್ತದೆ.

ಅರ್ತ್

ಒಂದು ಕಡೆಯ ದೀಪಗಳೆಲ್ಲ ಮಂಕು, ಅಥವಾ ಒಂದು ಹಾಕಿದರೆ ಇನ್ನೊಂದು ಹತ್ತುತ್ತದೆ ಎನ್ನುವಾಗ ನಡೆಯುವುದು ಇಷ್ಟು: ಬ್ರೇಕ್ ತಂತಿಗೆ ಬಂದ ಕರೆಂಟ್ ಅರ್ತ್ ಮೂಲಕ ಬ್ಯಾಟರಿಗೆ ವಾಪಸ್ ಹೋಗಬೇಕು. ಅಲ್ಲಿ ತುಕ್ಕು ಹಿಡಿದಿದ್ದರೆ ಅದೇ ಬಲ್ಬ್‌ನ ಟೈಲ್ ತಂತಿಯೊಳಗೆ ನುಗ್ಗಿ, ಟೈಲ್ ವೈರ್ ಹಿಡಿದು ಆಚೆ ಕಡೆಯ ದೀಪಕ್ಕೆ ಹೋಗಿ, ಅಲ್ಲಿನ ಅರ್ತ್‌ನಲ್ಲಿ ಇಳಿಯುತ್ತದೆ. ಹಾಗಾಗಿ ಎಡಗಡೆ ರೋಗ, ಬಲಗಡೆ ಲಕ್ಷಣ!

ಪರೀಕ್ಷೆ ಸುಲಭ. ಉದ್ದ ವೈರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ ಕಟ್ಟಿ, ಇನ್ನೊಂದು ತುದಿಯನ್ನು ಹೋಲ್ಡರಿನ ಲೋಹದ ಮೈಗೆ ಮುಟ್ಟಿಸಿ. ದೀಪ ತಟ್ಟನೆ ಬೆಳಗಿದರೆ ಕಳ್ಳ ಸಿಕ್ಕ. ಮಲ್ಟಿಮೀಟರ್ ಇರುವವರು ದೀಪಗಳನ್ನೆಲ್ಲ ಹಾಕಿಕೊಂಡು ಹೋಲ್ಡರ್ ಮೈಗೂ ಬ್ಯಾಟರಿ ಮೈನಸ್‌ಗೂ ನಡುವಿನ ವೋಲ್ಟ್ ನೋಡಲಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ.

ದೀಪದಿಂದ ಬರುವ ಅರ್ತ್ ವೈರ್, ಸಾಮಾನ್ಯವಾಗಿ ಕಪ್ಪು ಬಣ್ಣದ್ದು, ಎಲ್ಲಿ ಬೋಲ್ಟ್ ಆಗಿದೆ ಹುಡುಕಿ. ಬಿಚ್ಚಿ, ಬಣ್ಣ ತುಕ್ಕು ಎರಡೂ ಹೋಗಿ ಲೋಹ ಹೊಳೆಯುವ ತನಕ ಉಜ್ಜಿ. ವೈರ್ ತುದಿಯ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಕೊಳೆತಿದ್ದರೆ ಹೊಸದು ಹಾಕಿ ಬಿಗಿ ಮಾಡಿ, ಮೇಲೆ ಗ್ರೀಸ್ ಬಳಿಯಿರಿ. ಬಾಡಿ ಬಿಲ್ಡರ್ ಹತ್ತಿರ ಹೊಸ ತೊಟ್ಟಿ ಕಟ್ಟಿಸಿದ ಗಾಡಿಯಾದರೆ ನನ್ನ ಸಲಹೆ ಬೇರೆ: ದೀಪ ಕೂತಿರುವುದು ಬಣ್ಣ ಬಳಿದ ತಗಡಿನ ಮೇಲೋ ಮರದ ಹಲಗೆಯ ಮೇಲೋ. ಅದನ್ನು ನಂಬದೆ ಎರಡೂ ದೀಪಗಳಿಂದ ಪ್ರತ್ಯೇಕ ವೈರ್ ಎಳೆದು ನೇರ ಚಾಸಿಗೆ ಬೋಲ್ಟ್ ಮಾಡಿ.

ಫ್ಯೂಸ್ ಪದೇ ಪದೇ ಹೋದರೆ

ಎರಡು ಬ್ರೇಕ್ ಬಲ್ಬ್ ಸೇರಿ 42 ವ್ಯಾಟ್, ಅಂದರೆ 12 ವೋಲ್ಟ್‌ಗೆ ಮೂರೂವರೆ ಆಂಪಿಯರ್. ಇಷ್ಟಕ್ಕೆ 10 ಆಂಪಿಯರ್‌ನ ಕೆಂಪು ಫ್ಯೂಸ್ ಹೋಗಬಾರದು. ಹೋಗುತ್ತಿದೆ ಎಂದರೆ ಎಲ್ಲೋ ವೈರ್ ಸಿಪ್ಪೆ ಸುಲಿದು ಚಾಸಿಗೆ ತಾಗುತ್ತಿದೆ. ನೀಲಿ 15, ಹಳದಿ 20 ಎಂದು ದೊಡ್ಡ ಫ್ಯೂಸ್ ಹಾಕುತ್ತಾ ಹೋದರೆ, ಅಥವಾ ಸಿಗರೇಟ್ ಪೊಟ್ಟಣದ ಬೆಳ್ಳಿ ಕಾಗದ ಸುತ್ತಿ ಕೂರಿಸಿದರೆ, ಫ್ಯೂಸ್ ಬದಲು ವೈರ್ ಸುಡುತ್ತದೆ.

ಸುಟ್ಟ ಫ್ಯೂಸ್ ತೆಗೆದು ಆ ಎರಡು ಬಾಯಿಗೆ ಟೆಸ್ಟ್ ಲ್ಯಾಂಪಿನ ಎರಡು ವೈರ್ ಕೊಡಿ. ಹಿಂದಿನ ಬ್ರೇಕ್ ಬಲ್ಬ್‌ಗಳನ್ನು ಬಿಚ್ಚಿಟ್ಟು, ಆ ಫ್ಯೂಸಿನ ಮೇಲೆ ಬೇರೆ ಏನಾದರೂ ಇದ್ದರೆ ಅದನ್ನೂ ಆಫ್ ಮಾಡಿ. ಒಬ್ಬರು ಬ್ರೇಕ್ ತುಳಿದಿರಲಿ. ಟೆಸ್ಟ್ ಲ್ಯಾಂಪ್ ಪ್ರಕಾಶವಾಗಿ ಉರಿದರೆ ಶಾರ್ಟ್ ಇದೆ. ಗಾಲಿಗೆ ಕಲ್ಲು ಕೊಟ್ಟು, ಗಾಡಿ ಕೆಳಗೆ ವೈರಿನ ಕಟ್ಟನ್ನು ಅಲುಗಾಡಿಸುತ್ತಾ ಹೋಗಿ: ಚಾಸಿ ತೂತಿನಲ್ಲಿ ರಬ್ಬರ್ ಹೋದ ಜಾಗ, ಲೀಫ್ ಸ್ಪ್ರಿಂಗ್ ಮೇಲ್ಭಾಗ, ಸೈಲೆನ್ಸರ್ ಪಕ್ಕ, ಸ್ಟೆಪ್ನಿ ಹಿಂದೆ. ಎಲ್ಲಿ ಅಲುಗಾಡಿಸಿದಾಗ ಲ್ಯಾಂಪ್ ಆರುತ್ತದೋ ಶಾರ್ಟ್ ಅಲ್ಲೇ.

ಬ್ಯಾಟರಿ ಮೈನಸ್ ಬಿಚ್ಚಿಟ್ಟು ಆ ತುಂಡನ್ನು ಕತ್ತರಿಸಿ, ಹೊಸ ವೈರ್ ಸೇರಿಸಿ ಬೆಸುಗೆ ಹಾಕಿ, ಸ್ಲೀವ್ ಏರಿಸಿ. ಬರಿದೇ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಮುಂದಿನ ಮಳೆಗಾಲಕ್ಕೆ ನೀರು ಕುಡಿಯುತ್ತದೆ. ವೈರನ್ನು ಕೇಬಲ್ ಟೈನಿಂದ ಚಾಸಿಗೆ ಒತ್ತಿ ಕಟ್ಟಿ. ಕೊನೆಯ ಪರೀಕ್ಷೆಯನ್ನು ಖಾಲಿ ಗಾಡಿಯಲ್ಲಿ ಮಾಡಿ ಬಿಡಬೇಡಿ. ಲೋಡ್ ಹಾಕಿದ ಮೇಲೆ ಬಾಡಿ ಕೆಳಗಿಳಿದು, ಖಾಲಿ ಇದ್ದಾಗ ತಾಗದ ವೈರ್ ಸ್ಪ್ರಿಂಗಿಗೆ ತಾಗಬಹುದು.