ಊರಿನ ಹೆಸರಲ್ಲ, ಮನೆತನದ ಹೆಸರು ನೋಡಿ ಕೊಂಡ ವೈನ್

ಫ್ರಾನ್ಸಿನ ಲಿಯೋನ್‌ಗೆ ಕೆಲಸಕ್ಕೆ ಬಂದ ಹೊಸತರಲ್ಲಿ ನಾನು ವೈನ್ ಕೊಳ್ಳುತ್ತಿದ್ದದ್ದು ಲೇಬಲ್ ಚಂದ ನೋಡಿ. ಕೋಟೆ, ಕಿರೀಟ, ಚಿನ್ನದ ಅಕ್ಷರ. ಹಾಗೆ ತಂದ ಬೋರ್ಡೋ ಪ್ರದೇಶದ ಒಂದು ವೈನ್ ಎಂಥ ಒಗರು ಅಂದ್ರೆ, ಕಸುಗಾಯಿ ನೇರಳೆ ಅಗಿದ ಹಾಗೆ ನಾಲಗೆ ಒಣಗಿತು. ಮಿಕ್ಕಿದ್ದನ್ನು ಮಟನ್ ಸಾರಿಗೆ ಸುರಿದೆ. ಸಾರೂ ಕೆಟ್ಟಿತು.

ಒಂದು ಭಾನುವಾರ ಆಂಪ್ವಿಗೆ ಹೋದೆ. ರೋನ್ ನದಿ ದಂಡೆಯ ಸಣ್ಣ ಊರು. ನದಿಯ ಪಕ್ಕದಲ್ಲೇ ಗೋಡೆಯಂತೆ ಎದ್ದ ಗುಡ್ಡ, ಕಲ್ಲುಕಟ್ಟೆಗಳ ಮೇಲೆ ದ್ರಾಕ್ಷಿ ಬಳ್ಳಿ. ಇದೇ ಕೋತ್ ರೋತಿ ಎಂಬ ವೈನ್ ಪ್ರದೇಶ. 1946ರಲ್ಲಿ ಶುರುವಾದ ಗಿಗಾಲ್ ಇಲ್ಲಿಯ ವೈನ್ ಮನೆತನ. ಅವರ 'ಲಾ ಮೂಲಿನ್' ಬಾಟಲಿಗೆ ನೂರಾರು ಯೂರೋ. ನನಗೆ ಎಟುಕುವ ಮಾತಲ್ಲ. ಆದರೆ ಅದೇ ಮನೆಯವರ ಕೋತ್ ದ್ಯು ರೋನ್ (ರೋನ್ ಕಣಿವೆಯ ಸಾಮಾನ್ಯ ದರ್ಜೆ) ಕೆಂಪು ವೈನ್ ನನಗೆ ಹನ್ನೆರಡು ಯೂರೋ ಒಳಗೆ ಸಿಕ್ಕಿತು. ಅದರಲ್ಲಿ ಮೂರು ಜಾತಿ ದ್ರಾಕ್ಷಿ: ಸಿರಾ, ಗ್ರೆನಾಶ್, ಜೊತೆಗೆ ಸ್ವಲ್ಪ ಮೂರ್ವೆದ್ರ್. ನಮ್ಮಲ್ಲಿ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಹಾಕಿ ಪುಡಿ ಮಾಡ್ತೀವಲ್ವಾ? ಹಾಗೇ ಇದು. ಸಿರಾ ಬಣ್ಣ ಮತ್ತು ಕಾಳುಮೆಣಸಿನ ಘಮ ಕೊಡುತ್ತದೆ, ಗ್ರೆನಾಶ್ ಮಾಗಿದ ಹಣ್ಣಿನ ರುಚಿ ತುಂಬುತ್ತದೆ. ಬೆರೆಸುವ ಕೈ ಪಳಗಿದ್ದರೆ ಅಗ್ಗದ ಬಾಟಲಿಯಲ್ಲೂ ಅದು ಗೊತ್ತಾಗುತ್ತದೆ.

ಅಲ್ಲಿಂದ ಅಂಗಡಿಯಲ್ಲಿ ದೊಡ್ಡ ಮನೆತನಗಳ ಸಣ್ಣ ವೈನ್ ಹುಡುಕುವ ಚಟ ಹತ್ತಿತು. ರೋನ್ ಕಣಿವೆಯ ತೆಂಕಣದ ಹೆಸರಾಂತ ವೈನ್ ಪ್ರದೇಶ ಷಾತೋನ್ಯೂಫ್ ದ್ಯು ಪಾಪ್‌ನ ಬೊಕಾಸ್ತೆಲ್ ತೋಟದ ವೈನ್ ದುಬಾರಿ. ಅದರ ಒಡೆಯರಾದ ಪೆರಾಂ ಕುಟುಂಬದ್ದೇ 'ಕುದುಲೆ' ತೋಟ ಹೆದ್ದಾರಿಯ ಆಚೆ ಬದಿಗಿದೆ. ಷಾತೋನ್ಯೂಫ್ ಗಡಿಯಿಂದ ಹೊರಗೆ ಬಿದ್ದದ್ದಕ್ಕೆ ಅದು ಬರೀ ಕೋತ್ ದ್ಯು ರೋನ್, ಬೆಲೆ ಅರ್ಧಕ್ಕಿಂತ ಕಡಿಮೆ. ನನಗೆ ಸಿಕ್ಕ ಒಳ್ಳೆ ವ್ಯಾಪಾರ ಇದೇ. ಕೋಳಿ ಚಿತ್ರದ 'ಲಾ ವಿಯೇಯ್ ಫೆರ್ಮ್' ಕೂಡ ಅವರದ್ದೇ, ಇನ್ನೂ ಅಗ್ಗ. ನೆಂಟರು ಜಾಸ್ತಿ ಇದ್ದಾಗ ಸಾಕು.

ಒಂದು ತಪ್ಪು ಬಹಳ ದಿನ ಮಾಡಿದೆ. ಕೆಂಪು ವೈನ್ ತಣ್ಣಗಿರಬಾರದು ಅಂತ ಜುಲೈ ಸೆಕೆಯಲ್ಲೂ ಅಡುಗೆಮನೆಯಲ್ಲೇ ಇಡುತ್ತಿದ್ದೆ. ಮೂಗಿಗೆ ಬರೀ ಆಲ್ಕೋಹಾಲ್ ಹೊಡೆಯುತ್ತಿತ್ತು. ಈಗ ಮೊದಲು ಫ್ರಿಜ್‌ನಲ್ಲಿಟ್ಟು, 16 ಡಿಗ್ರಿ ಆಸುಪಾಸಿನಲ್ಲಿ ಸುರಿಯುತ್ತೇನೆ.

ಊಟಕ್ಕೆ? ಕಾಳುಮೆಣಸಿನ ಕೋಳಿ ಹುರಿದದ್ದಕ್ಕೆ ಸಿರಾ ಚೆನ್ನಾಗಿ ಹೊಂದುತ್ತದೆ. ಒಣಮೆಣಸಿನಕಾಯಿಯ ಖಾರದ ಸಾರಿಗೆ ಮಾತ್ರ ಬೇಡ. ಬಾಯಿ ಇನ್ನಷ್ಟು ಉರಿಯುತ್ತದೆ. ಆ ದಿನ ನಾನು ಮಜ್ಜಿಗೆಯನ್ನೇ ಕುಡಿಯುತ್ತೇನೆ.