ಹೆಲಿಕಾಪ್ಟರ್ ಕಲಿಯಲು ಶಾಲೆ ಹುಡುಕುತ್ತಿದ್ದೀರಾ? ಶುಲ್ಕ ಕಟ್ಟುವ ಮೊದಲು ಹ್ಯಾಂಗರ್ ನೋಡಿ

ಚುನಾವಣೆ ಬಂತೆಂದರೆ ಹಾಸನ, ಚಿಕ್ಕಮಗಳೂರಿನ ಮೈದಾನಗಳಲ್ಲೂ ಹೆಲಿಕಾಪ್ಟರ್ ಇಳಿಯುತ್ತದೆ. ದೂಳಿಗೆ ಕಣ್ಣು ಮುಚ್ಚಿಕೊಂಡು ಬೇಲಿಯಾಚೆ ನಿಂತವರಲ್ಲಿ ಒಬ್ಬಿಬ್ಬರು ನಾಯಕರನ್ನು ನೋಡುವುದಿಲ್ಲ, ಬಲಗಡೆ ಸೀಟಿನಲ್ಲಿರುವ ಪೈಲಟ್‌ನನ್ನು ನೋಡುತ್ತಾರೆ. ಈ ಲೇಖನ ಅವರಿಗೆ. ಅವರಿಗಿಂತ ಹೆಚ್ಚಾಗಿ ದುಡ್ಡು ಹೊಂದಿಸಬೇಕಾದ ಅವರ ಮನೆಯವರಿಗೆ.

ಹೆಲಿಕಾಪ್ಟರ್ ನಮ್ಮ ಸೀಮೆಗೆ ಅಪರಿಚಿತವೇನಲ್ಲ. ಬಾಡಿಗೆ ಹೆಲಿಕಾಪ್ಟರ್ ಸೇವೆಗೆಂದು 1997ರಲ್ಲಿ ಡೆಕ್ಕನ್ ಏವಿಯೇಷನ್ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಗೊರೂರಿನವರು. ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾದದ್ದು ಪಕ್ಕದ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ಆದರೆ ಹೆಲಿಕಾಪ್ಟರ್ ಕಲಿಸುವ ಶಾಲೆಗಳು ದೇಶದಲ್ಲೇ ಬೆರಳೆಣಿಕೆಯಷ್ಟು. ಆಯ್ಕೆ ಕಡಿಮೆ ಇರುವಲ್ಲಿಯೇ ಜನ ಸಿಕ್ಕಿದ್ದಕ್ಕೆ ಸಹಿ ಹಾಕಿ ಸಿಕ್ಕಿಬೀಳುತ್ತಾರೆ.

ಮೊದಲು ಶಾಲೆಯಲ್ಲ, ವೈದ್ಯರು

ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಪಾಸಾಗಿರಬೇಕು. ಕಾಮರ್ಸ್ ಓದಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಈ ಎರಡು ವಿಷಯ ಬರೆದು ತುಂಬಿಕೊಳ್ಳುವುದುಂಟು. ವಾಣಿಜ್ಯ ಪೈಲಟ್ ಲೈಸೆನ್ಸ್‌ಗೆ ಕನಿಷ್ಠ ವಯಸ್ಸು 18. ಇಷ್ಟಿದ್ದರೆ ನೇರವಾಗಿ ವೈದ್ಯಕೀಯ ಪರೀಕ್ಷೆಗೆ ಹೋಗಿ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಮಾನ್ಯ ಮಾಡಿದ ವೈದ್ಯರ ಬಳಿ ಮೊದಲು ಕ್ಲಾಸ್ 2 ಪರೀಕ್ಷೆ, ಆಮೇಲೆ ಅದಕ್ಕಿಂತ ಕಟ್ಟುನಿಟ್ಟಾದ ಕ್ಲಾಸ್ 1. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಕ್ಲಾಸ್ 1 ಪರೀಕ್ಷೆಗೆ ಹೆಸರಾದ ಜಾಗ. ಅದಕ್ಕೂ ಮುಂಚೆ ಊರಿನ ಕಣ್ಣಿನ ಡಾಕ್ಟರ ಬಳಿ ಬಣ್ಣದ ಚುಕ್ಕೆಗಳ ಪುಸ್ತಕ ತೆರೆಸಿ, ಚುಕ್ಕೆಗಳ ನಡುವಿನ ಅಂಕಿ ಓದಿ. ಕನ್ನಡಕ ಇದ್ದರೆ ಸಾಮಾನ್ಯವಾಗಿ ದಾರಿ ಇರುತ್ತದೆ; ಬಣ್ಣಗುರುಡು ಇದ್ದರೆ ಇಡೀ ಯೋಜನೆ ಅಲ್ಲಿಗೇ ನಿಲ್ಲಬಹುದು. ಶುಲ್ಕ ಕಟ್ಟಿದ ಮೇಲೆ ಇದು ಗೊತ್ತಾದವರ ಪಾಡು ಯಾರಿಗೂ ಬೇಡ. ‘ಮೊದಲು ಅಡ್ಮಿಷನ್ ಮಾಡಿಸಿ, ಮೆಡಿಕಲ್ ಆಮೇಲೆ ನೋಡೋಣ’ ಎನ್ನುವ ಶಾಲೆಯನ್ನು ಅಲ್ಲೇ ಬಿಡಿ.

ಯಾವ ಶಾಲೆ ಏನು ಕಲಿಸುತ್ತದೆ

ಇಲ್ಲಿ ಗೊಂದಲ ಜಾಸ್ತಿ. ಜಕ್ಕೂರಿನ ಸರ್ಕಾರಿ ವೈಮಾನಿಕ ಶಾಲೆ ಹೆಸರು ಮಾಡಿದ್ದು ವಿಮಾನ ತರಬೇತಿಗೆ. ಎಚ್‌ಎಎಲ್ ಮತ್ತು ಸಿಎಇ ಕಂಪನಿ ಜಂಟಿಯಾಗಿ ಬೆಂಗಳೂರಿನಲ್ಲಿ ಕಟ್ಟಿದ ಹ್ಯಾಟ್ಸಾಫ್ ಎಂಬುದು ಸಿಮ್ಯುಲೇಟರ್ ಕೇಂದ್ರ, ಅಂದರೆ ನೆಲದ ಮೇಲೇ ಹಾರಾಟದ ಅನುಭವ ಕೊಡುವ ಯಂತ್ರಗಳ ಜಾಗ. ಈಗಾಗಲೇ ಹಾರಲು ಬಲ್ಲವರು ಅಲ್ಲಿಗೆ ಹೋಗುತ್ತಾರೆ, ಅಕ್ಷರಾಭ್ಯಾಸಕ್ಕಲ್ಲ. ಎಚ್‌ಎಎಲ್‌ನದೇ ರೋಟರಿ ವಿಂಗ್ ಅಕಾಡೆಮಿ ಹೆಲಿಕಾಪ್ಟರ್ ತರಬೇತಿಯಲ್ಲಿ ಹಳೆಯ ಹೆಸರು, ಆದರೆ ಹೊಸಬರ ಕೋರ್ಸ್ ಈ ವರ್ಷ ನಡೆಯುತ್ತಿದೆಯೇ ಎಂದು ಅವರನ್ನೇ ಕೇಳಿ.

ಡಿಜಿಸಿಎ ವೆಬ್‌ಸೈಟಿನಲ್ಲಿ ಮಾನ್ಯತೆ ಪಡೆದ ಶಾಲೆಗಳ ಪಟ್ಟಿ ಇದೆ. ಶಾಲೆಯ ಹೆಸರು ಕಂಡರೆ ಸಾಲದು, ಆ ಹೆಸರಿನ ಎದುರು ಹೆಲಿಕಾಪ್ಟರ್ ತರಬೇತಿಗೆ ಅನುಮತಿ ಇದೆಯೇ, ಅವಧಿ ಯಾವಾಗ ಮುಗಿಯುತ್ತದೆ ಎಂಬುದು ಮುಖ್ಯ. ಡಿಜಿಸಿಎ 2025ರಿಂದ ಶಾಲೆಗಳಿಗೆ ಶ್ರೇಣಿ ಕೊಡುತ್ತಿದೆ. ಅದನ್ನೂ ನೋಡಿ, ಆದರೆ ಶ್ರೇಣಿ ಚೆನ್ನಾಗಿದ್ದ ಮಾತ್ರಕ್ಕೆ ನಿಮ್ಮ ಹೆಲಿಕಾಪ್ಟರ್ ನಾಳೆ ಮೇಲೇಳುತ್ತದೆ ಎಂದೇನಿಲ್ಲ.

ಎಷ್ಟಿವೆ ಎಂದಲ್ಲ, ಎಷ್ಟು ಹಾರುತ್ತಿವೆ

ವಾಣಿಜ್ಯ ಲೈಸೆನ್ಸ್‌ಗೆ ಬೇಕಾದದ್ದು 150 ಗಂಟೆ ಹಾರಾಟ. ತಿಂಗಳಿಗೆ 15 ಗಂಟೆ ಸಿಕ್ಕರೆ 10 ತಿಂಗಳು, 5 ಗಂಟೆ ಸಿಕ್ಕರೆ 30 ತಿಂಗಳು. ಎರಡೂ ಕಡೆ ಬ್ರೋಷರ್‌ನಲ್ಲಿ ಮಾತ್ರ ‘ಒಂದು ವರ್ಷದ ಕೋರ್ಸ್’ ಎಂದೇ ಇರುತ್ತದೆ. ಹಾಗಾಗಿ ಶಾಲೆಗೆ ಖುದ್ದಾಗಿ ಹೋಗಿ, ಎರಡು ದಿನ ಉಳಿಯಿರಿ. ಕಳೆದ 30 ದಿನದ ಹಾರಾಟದ ಪಟ್ಟಿ ಕೇಳಿ, ದಿನಕ್ಕೆ ಎಷ್ಟು ಹಾರಾಟ ನಡೆದಿದೆ ಎಂದು ಬೆರಳಿಟ್ಟು ಎಣಿಸಿ.

ಆಮೇಲೆ ಹ್ಯಾಂಗರ್, ಅಂದರೆ ಹೆಲಿಕಾಪ್ಟರ್ ನಿಲ್ಲಿಸುವ ಶೆಡ್. ಮೂರು ಹೆಲಿಕಾಪ್ಟರ್ ನಿಂತಿದ್ದರೆ ಖುಷಿಪಡುವ ಮುನ್ನ ನೆತ್ತಿಯ ಮೇಲೆ ತಿರುಗುವ ರೆಕ್ಕೆಯ, ಅಂದರೆ ರೋಟರ್ ಮೇಲಿನ ದೂಳು ನೋಡಿ. ಬಾಗಿಲಿನ ಪ್ಯಾನೆಲ್ ಬಿಚ್ಚಿ ವಾರಗಟ್ಟಲೆ ನಿಂತದ್ದು ಬಿಡಿಭಾಗಕ್ಕೆ ಕಾಯುತ್ತಿದೆ ಎಂದೇ ಅರ್ಥ. ತರಬೇತಿಯಲ್ಲಿ ಹೆಚ್ಚಾಗಿ ಕಾಣುವ ರಾಬಿನ್ಸನ್ ಆರ್‌22 ಮತ್ತು ಆರ್‌44ಗಳನ್ನು 2,200 ಗಂಟೆಗೆ ಅಥವಾ 12 ವರ್ಷಕ್ಕೆ, ಯಾವುದು ಮೊದಲೋ ಆಗ, ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕು. ಶಾಲೆಯ ಏಕೈಕ ಹೆಲಿಕಾಪ್ಟರ್ 2,100 ಗಂಟೆ ದಾಟಿದ್ದರೆ ನಿಮ್ಮ ತರಬೇತಿಯ ಮಧ್ಯದಲ್ಲೇ ಅದು ತಿಂಗಳುಗಟ್ಟಲೆ ಕಾಣೆಯಾಗುತ್ತದೆ. ‘ಓವರ್‌ಹಾಲ್‌ಗೆ ಇನ್ನೆಷ್ಟು ಗಂಟೆ ಬಾಕಿ?’ ಎಂಬ ಒಂದೇ ಪ್ರಶ್ನೆಗೆ ಮ್ಯಾನೇಜರ್ ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ತೂಕದ ಲೆಕ್ಕವನ್ನು ಯಾರೂ ಮೊದಲೇ ಹೇಳುವುದಿಲ್ಲ. ಎರಡು ಸೀಟಿನ ಆರ್‌22 ಬೀಟಾ 2 ಮಾದರಿ ತನ್ನ ತೂಕವೂ ಸೇರಿ ಗರಿಷ್ಠ 621 ಕೆ.ಜಿ.ಯೊಂದಿಗೆ ಹಾರಬಹುದು. ಖಾಲಿ ತೂಕವೇ ಸುಮಾರು 399 ಕೆ.ಜಿ., ಮುಖ್ಯ ಟ್ಯಾಂಕ್ ತುಂಬಿದರೆ ಇಂಧನ 46 ಕೆ.ಜಿ. ಆಸುಪಾಸು. ಉಳಿದ 176 ಕೆ.ಜಿ.ಯಲ್ಲಿ ಇಬ್ಬರು ಕೂರಬೇಕು. ಇನ್‌ಸ್ಟ್ರಕ್ಟರ್ 80 ಕೆ.ಜಿ. ಇದ್ದರೆ ನಿಮಗೆ ಉಳಿಯುವುದು 96. ಅದಕ್ಕೂ ಹೆಚ್ಚಿದ್ದರೆ ಇಂಧನ ಇಳಿಸಬೇಕು, ಅಂದರೆ ಪಾಠದ ಹೊತ್ತು ಕಡಿಮೆ. ಒಂದು ಸೀಟಿನ ಮಿತಿ 109 ಕೆ.ಜಿ. ಇದನ್ನು ದಾಟಿದವರಿಗೆ ಆರ್‌44ರಂಥ ದೊಡ್ಡ ಯಂತ್ರವೇ ದಾರಿ, ಅದರ ಗಂಟೆಯ ದರ ಬೇರೆ. ಮೇಲಾಗಿ ಬಿಸಿಲಿಗೆ, ಎತ್ತರಕ್ಕೆ ಗಾಳಿ ತೆಳುವಾಗುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟಕ್ಕಿಂತ 3 ಸಾವಿರ ಅಡಿಗೂ ಮೇಲಿವೆ. ಕರಾವಳಿಯಲ್ಲಿ ಸಲೀಸಾಗಿ ನಿಂತು ತೇಲುವ ಯಂತ್ರ ಏಪ್ರಿಲ್ ಮಧ್ಯಾಹ್ನ ಇಲ್ಲಿ ಉಬ್ಬಸ ಪಡುತ್ತದೆ. ಸಮುದ್ರಮಟ್ಟದಲ್ಲಷ್ಟೇ ಕಲಿತವರು ಎತ್ತರದಲ್ಲೂ ಒಂದಷ್ಟು ಗಂಟೆ ಹಾರಿಸಿಕೊಡುವಂತೆ ಶಾಲೆಯನ್ನು ಕೇಳಲೇಬೇಕು.

ಇನ್‌ಸ್ಟ್ರಕ್ಟರ್‌ಗೆ ಕೇಳಬೇಕಾದದ್ದು

ಎಂಜಿನ್ ನಿಂತಾಗ ಕಲೆಕ್ಟಿವ್ (ಹೆಲಿಕಾಪ್ಟರನ್ನು ಏರಿಸುವ, ಇಳಿಸುವ ಹಿಡಿಕೆ) ಇಳಿಸಿ, ಕೆಳಗಿನಿಂದ ಬರುವ ಗಾಳಿಯಲ್ಲೇ ರೋಟರ್ ತಿರುಗಿಸಿಕೊಂಡು ಇಳಿಯುವುದಕ್ಕೆ ಆಟೋರೊಟೇಷನ್ ಎನ್ನುತ್ತಾರೆ. ಆರ್‌22ರ ರೋಟರ್ ಹಗುರ. ಕೈ ಒಂದೆರಡು ಸೆಕೆಂಡ್ ತಡವಾದರೆ ರೋಟರ್ ವೇಗ ಮತ್ತೆ ಬಾರದಷ್ಟು ಕುಸಿಯಬಹುದು. ಈ ಅಭ್ಯಾಸವನ್ನು ಎಷ್ಟು ಪಾಠಗಳಲ್ಲಿ ಮಾಡಿಸುತ್ತೀರಿ, ನೆಲ ಮುಟ್ಟುವವರೆಗೆ ಮಾಡಿಸುತ್ತೀರೋ ಅಥವಾ ಮೇಲೆಯೇ ಪವರ್ ಕೊಟ್ಟು ನಿಲ್ಲಿಸುತ್ತೀರೋ ಎಂದು ಕೇಳಿ. ಎರಡನೆಯದು ತಪ್ಪಲ್ಲ, ಆದರೆ ಯಾಕೆ ಹಾಗೆ ಎಂಬುದಕ್ಕೆ ಸ್ಪಷ್ಟ ಉತ್ತರ ಬರಬೇಕು.

ರಾತ್ರಿ ಹಾರಾಟದ ಗಂಟೆಗಳು ಹಲವರಿಗೆ ಕೊನೆಯಲ್ಲಿ ಕಾಲಿಗೆ ತೊಡಕಾಗುತ್ತವೆ. ದೀಪದ ವ್ಯವಸ್ಥೆ, ರಾತ್ರಿ ತೆರೆದಿರುವ ನಿಲ್ದಾಣ ಎರಡೂ ಇಲ್ಲದ ಶಾಲೆ ಅದನ್ನು ಎಲ್ಲಿ ಮಾಡಿಸುತ್ತದೆ, ಅಲ್ಲಿಗೆ ಹೋಗಿಬರುವ ಹಾರಾಟದ ಖರ್ಚು ಯಾರದು? ಕೊನೆಯ ಪರೀಕ್ಷೆ ತೆಗೆದುಕೊಳ್ಳುವ ಎಕ್ಸಾಮಿನರ್ ಶಾಲೆಯಲ್ಲೇ ಇದ್ದಾರೆಯೇ, ಹೊರಗಿನಿಂದ ಬರಬೇಕೇ?

ಒಂದು ಪರಿಚಯದ ಹಾರಾಟ ದುಡ್ಡು ಕೊಟ್ಟೇ ಮಾಡಿ. ಹಾರುವ ಮುನ್ನ ಇನ್‌ಸ್ಟ್ರಕ್ಟರ್ ಇಂಧನದ ಮಾದರಿಯನ್ನು ಪುಟ್ಟ ಪಾರದರ್ಶಕ ಲೋಟಕ್ಕೆ ಇಳಿಸಿ ಬೆಳಕಿಗೆ ಹಿಡಿಯಬೇಕು. ಇವಕ್ಕೆ ಹಾಕುವ 100ಎಲ್‌ಎಲ್ ಏವ್‌ಗ್ಯಾಸ್ ಎಂಬ ವಿಮಾನ ಪೆಟ್ರೋಲ್ ತಿಳಿನೀಲಿ. ತಳದಲ್ಲಿ ಬಣ್ಣವಿಲ್ಲದ ಗುಳ್ಳೆ ನಿಂತರೆ ಅದು ನೀರು. ಇಷ್ಟನ್ನು ‘ಬೆಳಗ್ಗೆಯೇ ಆಗಿದೆ ಬಿಡಿ’ ಎಂದು ಕೈಬಿಡುವ ಜಾಗದಲ್ಲಿ ಉಳಿದದ್ದನ್ನೂ ಹಾಗೇ ಬಿಡುತ್ತಾರೆ.

ದುಡ್ಡು, ಕರಾರು, ಬ್ಯಾಂಕು

ಗಂಟೆಯ ದರ ಹೇಳಿದಾಗ ಯಾವ ಮೀಟರ್ ಎಂದು ಕೇಳಿ. ಕೆಲವು ಮೀಟರ್ ಎಂಜಿನ್ ಚಾಲೂ ಆದೊಡನೆ ಓಡುತ್ತವೆ, ಕೆಲವು ಕಲೆಕ್ಟಿವ್ ಎತ್ತಿದ ಮೇಲೆ. ಬಿಲ್ಲಿಗೂ ಹಾರಿದ ಗಂಟೆ ಬರೆದಿಡುವ ಲಾಗ್‌ಬುಕ್‌ಗೂ ಒಂದೇ ಲೆಕ್ಕ ಇರಲಿ. ಒಂದು ಹಾರಾಟಕ್ಕೆ 12 ನಿಮಿಷದ ವ್ಯತ್ಯಾಸ ಎಂದರೆ 125 ಹಾರಾಟಕ್ಕೆ 25 ಗಂಟೆ. ಇಂಧನದ ಬೆಲೆ ಏರಿದರೆ ದರ ಏರುತ್ತದೆಯೇ, ಪರೀಕ್ಷಾ ಹಾರಾಟ, ಲ್ಯಾಂಡಿಂಗ್ ಶುಲ್ಕ, ಹಾಸ್ಟೆಲ್, ಜಿಎಸ್‌ಟಿ ಸೇರಿದೆಯೇ? ಉತ್ತರ ಬರವಣಿಗೆಯಲ್ಲಿ ಬೇಕು.

ಪೂರ್ತಿ ಹಣ ಒಮ್ಮೆಗೇ ಕಟ್ಟಬೇಡಿ. ಅಮೆರಿಕದಲ್ಲಿ 2008ರಲ್ಲಿ ದೊಡ್ಡ ಹೆಲಿಕಾಪ್ಟರ್ ಶಾಲೆಯೊಂದು ದಿಢೀರನೆ ಬಾಗಿಲು ಹಾಕಿತು. ಮುಂಗಡವಾಗಿ ಸುಮಾರು 70 ಸಾವಿರ ಡಾಲರ್ ಕಟ್ಟಿದ್ದ ವಿದ್ಯಾರ್ಥಿಗಳಿಗೆ ಲೈಸೆನ್ಸ್ ಸಿಗಲಿಲ್ಲ, ಸಾಲ ಮಾತ್ರ ಉಳಿಯಿತು. 10 ಅಥವಾ 20 ಗಂಟೆಯ ಕಂತಿನಲ್ಲಿ ಕಟ್ಟಿ. ಬಿಟ್ಟುಹೋದರೆ ಹಾರದ ಗಂಟೆಯ ಹಣ ಎಷ್ಟು ದಿನದಲ್ಲಿ ವಾಪಸು ಎಂಬ ಷರತ್ತು ಕರಾರಿನಲ್ಲಿರಲಿ.

ಶಿಕ್ಷಣ ಸಾಲ 7.5 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ನಮ್ಮ ಕಡೆ ಎಡವಟ್ಟು ಇಲ್ಲೇ. ತೋಟ ಎಕರೆಗಟ್ಟಲೆ ಇರುತ್ತದೆ, ಪಹಣಿ ತಾತನ ಹೆಸರಿನಲ್ಲೋ ನಾಲ್ವರು ದಾಯಾದಿಗಳ ಜಂಟಿಯಲ್ಲೋ ಇರುತ್ತದೆ. ಕೃಷಿ ಜಮೀನನ್ನು ಶಿಕ್ಷಣ ಸಾಲಕ್ಕೆ ಒಪ್ಪದ ಶಾಖೆಗಳೂ ಇವೆ. ಪೇಟೆಯಲ್ಲಿರುವ ಮನೆ ಅಥವಾ ಸೈಟಿನ ಖಾತೆ ಯಾರ ಹೆಸರಿನಲ್ಲಿದೆ ಎಂದು ಈಗಲೇ ನೋಡಿಕೊಳ್ಳಿ.

ಹೊರದೇಶಕ್ಕೆ ಹೋಗುವುದಾದರೆ

ಅಮೆರಿಕದಲ್ಲಿ ವಿದೇಶಿ ವಿದ್ಯಾರ್ಥಿಗೆ ವೀಸಾಕ್ಕೆ ಬೇಕಾದ ಐ-20 ಪತ್ರ ಕೊಡುವ ಅಧಿಕಾರ ಶಾಲೆಗೆ ಇರಬೇಕು. ಬಹುತೇಕರಿಗೆ ಸಿಗುವ ಎಂ-1, ಅಂದರೆ ವೃತ್ತಿ ತರಬೇತಿಯ ವೀಸಾದಲ್ಲಿ ಕೋರ್ಸ್ ಮುಗಿದ ಮೇಲಿನ ಪ್ರಾಯೋಗಿಕ ತರಬೇತಿ 6 ತಿಂಗಳು ಮೀರುವಂತಿಲ್ಲ. ‘ಅಲ್ಲೇ ಇನ್‌ಸ್ಟ್ರಕ್ಟರ್ ಆಗಿ ಸಾವಿರ ಗಂಟೆ ಮಾಡಿಕೊಳ್ಳಬಹುದು’ ಎನ್ನುವ ಏಜೆಂಟರನ್ನು ಯಾವ ವೀಸಾದಲ್ಲಿ ಎಂದು ಕೇಳಿ. ವಾಪಸಾದ ಮೇಲೆ ಲೈಸೆನ್ಸ್ ಪರಿವರ್ತನೆಗೆ ಡಿಜಿಸಿಎ ಪರೀಕ್ಷೆಗಳನ್ನು ಪಾಸು ಮಾಡಲೇಬೇಕು.

ಕೆಲಸದ ಮಾತು ಒರಟಾಗಿಯೇ ಹೇಳಬೇಕು. ತೈಲಬಾವಿಗಳಿಗೆ, ಕೇದಾರನಾಥದಂಥ ಯಾತ್ರೆಗಳಿಗೆ ಹಾರುವ ಕಂಪನಿಗಳ ಮುಂದೆ ಸೇನೆಯಿಂದ ನಿವೃತ್ತರಾದ, ಸಾವಿರಾರು ಗಂಟೆ ಹಾರಿದ ಪೈಲಟ್‌ಗಳು ಸಾಲಾಗಿರುತ್ತಾರೆ. 150 ಗಂಟೆಯ ಹೊಸಬರಿಗೆ ಬಾಗಿಲು ಕಿರಿದು. ಕಳೆದ ವರ್ಷ ಮುಗಿಸಿದ ಮೂವರ ಫೋನ್ ನಂಬರ್ ಶಾಲೆಯಿಂದ ಪಡೆದು, ಎಷ್ಟು ತಿಂಗಳು ಹಿಡಿಯಿತು, ಈಗ ಏನು ಮಾಡುತ್ತಿದ್ದೀರಿ ಎಂದು ಅವರನ್ನೇ ವಿಚಾರಿಸಿ.

ಸೇರುವ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಜೂನ್‌ನಲ್ಲಿ ಸೇರಿದವರು ಮೋಡ ನೋಡುತ್ತಾ ಹಾಸ್ಟೆಲ್ ಬಾಡಿಗೆ ಕಟ್ಟುತ್ತಾರೆ. ಮಳೆಗಾಲದಲ್ಲಿ ಮನೆಯಲ್ಲೇ ಕೂತು ಡಿಜಿಸಿಎ ನಡೆಸುವ ನ್ಯಾವಿಗೇಷನ್, ಹವಾಮಾನ, ವಾಯುಯಾನ ನಿಯಮ, ಟೆಕ್ನಿಕಲ್ ಪತ್ರಿಕೆಗಳಿಗೆ ಓದಿ. ಪಾಸಾಗಲು ಪ್ರತಿಯೊಂದರಲ್ಲೂ ಶೇ 70 ಅಂಕ ಬೇಕು. ಅಕ್ಟೋಬರ್‌ನಲ್ಲಿ ಹಾರಾಟ ಶುರುಮಾಡಿದರೆ ಒಂಟಿ ಹಾರಾಟದ ದಿನಗಳು ಒಣಹವೆಗೆ ಬೀಳುತ್ತವೆ.