ಚುನಾವಣಾ ಪದ್ಧತಿ ಬದಲಾದಾಗ ಸದನದ ಪಕ್ಷಗಳಿಗೆ ಏನಾಗುತ್ತದೆ: ನ್ಯೂಜಿಲೆಂಡನ್ನು ಮುಂದಿಟ್ಟುಕೊಂಡು ಅಭ್ಯಸಿಸುವ ಬಗೆ

ಚುನಾವಣಾ ಸುಧಾರಣೆಯ ಬಗ್ಗೆ ಬರೆಯುವ ಹಲವರು ಹಳೆಯ ಪದ್ಧತಿಯ ಕೊನೆಯ ಫಲಿತಾಂಶವನ್ನೂ ಹೊಸ ಪದ್ಧತಿಯ ಮೊದಲ ಫಲಿತಾಂಶವನ್ನೂ ಅಕ್ಕಪಕ್ಕದಲ್ಲಿಟ್ಟು, ಪಕ್ಷಗಳ ಸಂಖ್ಯೆ ಹೆಚ್ಚಿತೆಂದೋ ಕಡಿಮೆಯಾಯಿತೆಂದೋ ಹೇಳಿ ಮುಗಿಸುತ್ತಾರೆ. ಇಷ್ಟರಿಂದ ವಿಷಯ ತಿಳಿಯುವುದಿಲ್ಲ. ಪಕ್ಷಗಳು ಕಾಯ್ದೆ ಜಾರಿಯಾಗುವ ದಿನಕ್ಕಾಗಿ ಕಾಯುತ್ತ ಕೂರುವುದಿಲ್ಲ; ಬದಲಾವಣೆ ಖಚಿತವಾದ ಕೂಡಲೇ ಅವು ಒಡೆಯಲು, ಸೇರಲು, ಲೆಕ್ಕ ಹಾಕಲು ಆರಂಭಿಸುತ್ತವೆ. ಈ ಪ್ರಕ್ರಿಯೆಯನ್ನು ಹಂತಹಂತವಾಗಿ ಗುರುತಿಸುವುದಕ್ಕೆ ನ್ಯೂಜಿಲೆಂಡಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಏಕಸದನದ ಸಂಸತ್ತು, ನಮ್ಮಂತೆಯೇ ಬ್ರಿಟಿಷ್ ಮಾದರಿಯ ಸಚಿವ ಸಂಪುಟ, ಮತ್ತು ಒಂದೇ ಏಟಿಗೆ ಆದ ಬದಲಾವಣೆ ಅಲ್ಲಿ ಒಟ್ಟಿಗೆ ಇವೆ.

ಮೊದಲು ಸುಧಾರಣೆಗೆ ಕಾರಣವಾದ ಅಸಮಾಧಾನವನ್ನು ಅಂಕಿಗಳಲ್ಲಿ ಬರೆದಿಟ್ಟುಕೊಳ್ಳಿ. 1978ರಲ್ಲಿ ಲೇಬರ್ ಪಕ್ಷ ಶೇ. 40.4ರಷ್ಟು ಮತ ಪಡೆದು 40 ಸ್ಥಾನ ಗೆದ್ದರೆ, ಶೇ. 39.8ರಷ್ಟು ಮತ ಪಡೆದ ನ್ಯಾಷನಲ್ ಪಕ್ಷ 51 ಸ್ಥಾನಗಳೊಂದಿಗೆ ಸರ್ಕಾರ ರಚಿಸಿತು. 1981ರಲ್ಲೂ ಇದೇ ಆಯಿತು. ಜೊತೆಗೆ, ಐದರಲ್ಲೊಬ್ಬ ಮತದಾರನ ಬೆಂಬಲ ಪಡೆದ ಸೋಷಿಯಲ್ ಕ್ರೆಡಿಟ್ ಪಕ್ಷಕ್ಕೆ ಸಿಕ್ಕಿದ್ದು 92ರಲ್ಲಿ ಎರಡೇ ಸ್ಥಾನ. ಕರ್ನಾಟಕದ ಓದುಗರಿಗೆ ಇದು ಹೊಸದೇನಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಶೇ. 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗಿಂತ ಶೇ. 36ರಷ್ಟು ಮತ ಪಡೆದ ಬಿಜೆಪಿ ಹೆಚ್ಚು ಸ್ಥಾನ ಗಳಿಸಿತ್ತು. ಕ್ಷೇತ್ರದಲ್ಲಿ ಉಳಿದವರಿಗಿಂತ ಒಂದು ಮತ ಹೆಚ್ಚು ಪಡೆದವನೇ ಗೆಲ್ಲುವ ಪದ್ಧತಿಯಲ್ಲಿ ಮತ ಎಷ್ಟು ಬಿತ್ತೆಂಬುದರಷ್ಟೇ ಎಲ್ಲೆಲ್ಲಿ ಬಿತ್ತೆಂಬುದೂ ಮುಖ್ಯವಾಗುತ್ತದೆ.

ಅನಂತರ ನಿರ್ಧಾರದ ಹಾದಿಯನ್ನು ಗುರುತಿಸಬೇಕು. ಚುನಾವಣಾ ಪದ್ಧತಿಯನ್ನು ಪರಿಶೀಲಿಸಲು 1985ರಲ್ಲಿ ನೇಮಕವಾದ ರಾಯಲ್ ಕಮಿಷನ್ ಎಂಬ ವಿಚಾರಣಾ ಆಯೋಗ, ಜರ್ಮನಿಯ ಮಾದರಿಯ ಮಿಶ್ರ ಅನುಪಾತ ಪದ್ಧತಿಯನ್ನು 1986ರಲ್ಲಿ ಶಿಫಾರಸು ಮಾಡಿತು. 1992ರ ಸೂಚನಾತ್ಮಕ (ಸರ್ಕಾರ ಪಾಲಿಸಲೇಬೇಕೆಂಬ ಕಟ್ಟುಪಾಡಿಲ್ಲದ) ಜನಮತಗಣನೆಯಲ್ಲಿ ಶೇ. 84.7ರಷ್ಟು ಮಂದಿ ಬದಲಾವಣೆ ಬೇಕೆಂದರು; 1993ರ ನವೆಂಬರಿನಲ್ಲಿ ನಡೆದ ಅಂತಿಮ ಜನಮತಗಣನೆಯಲ್ಲಿ ಹೊಸ ಪದ್ಧತಿ ಶೇ. 53.9ರಷ್ಟು ಮತಗಳಿಂದ ಗೆದ್ದಿತು. ಹೊಸ ಪದ್ಧತಿಯಲ್ಲಿ ಮತದಾರನಿಗೆ ಎರಡು ಮತ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಸದನದಲ್ಲಿ ಪಕ್ಷಕ್ಕೆ ಒಟ್ಟು ಎಷ್ಟು ಸ್ಥಾನ ಸಲ್ಲಬೇಕೆಂಬುದನ್ನು ಪಕ್ಷದ ಮತವೇ ನಿರ್ಧರಿಸುತ್ತದೆ. ಕ್ಷೇತ್ರಗಳಲ್ಲಿ ಗೆದ್ದ ಸ್ಥಾನಗಳು ಅದಕ್ಕಿಂತ ಕಡಿಮೆಯಿದ್ದರೆ ಉಳಿದದ್ದನ್ನು ಪಕ್ಷದ ಪಟ್ಟಿಯಿಂದ ತುಂಬಲಾಗುತ್ತದೆ. 1996ರಲ್ಲಿ 65 ಕ್ಷೇತ್ರಗಳು, 55 ಪಟ್ಟಿ ಸ್ಥಾನಗಳು, ಒಟ್ಟು 120.

ಈಗ ಅತ್ಯಂತ ಹೆಚ್ಚು ಸಮಯ ಕೊಡಬೇಕಾದ ಹಂತಕ್ಕೆ ಬನ್ನಿ. ಅದು ಜನಮತಗಣನೆಗೂ 1996ರ ಅಕ್ಟೋಬರಿನ ಚುನಾವಣೆಗೂ ನಡುವಿನ ಮೂರು ವರ್ಷ. ಹಳೆಯ ಪದ್ಧತಿಯಲ್ಲೇ ಆಯ್ಕೆಯಾಗಿದ್ದ ಶಾಸಕರು ಹೊಸ ಪದ್ಧತಿಯ ಆಸೆಗಳಿಂದ ನಡೆದುಕೊಂಡ ಕಾಲವಿದು. ದೊಡ್ಡ ಪಕ್ಷದಿಂದ ಹೊರಬಂದರೆ ರಾಜಕೀಯ ಜೀವನವೇ ಮುಗಿಯಿತೆಂಬ ಭಯ ಹೋಗಿ, ಶೇ. 5ರಷ್ಟು ಮತ ಸಿಕ್ಕರೂ ಸದನದಲ್ಲಿ ಗುಂಪಾಗಿ ಕೂರಬಹುದೆಂಬ ಭರವಸೆ ಬಂದಿತ್ತು. 1995ರಲ್ಲಿ ಎರಡೂ ದೊಡ್ಡ ಪಕ್ಷಗಳಿಂದ ಬಂದ ಏಳು ಮಂದಿ ಸದಸ್ಯರು ಸೇರಿ ಯುನೈಟೆಡ್ ಎಂಬ ಪಕ್ಷ ಕಟ್ಟಿದರು. 1993ರಲ್ಲಿ 99ಕ್ಕೆ 50 ಸ್ಥಾನ ಪಡೆದು ಕೂದಲೆಳೆಯ ಬಹುಮತದಲ್ಲಿದ್ದ ನ್ಯಾಷನಲ್ ಪಕ್ಷ, ಹೊಸ ಪದ್ಧತಿಯಲ್ಲಿ ಒಂದು ಮತವೂ ಬೀಳುವ ಮೊದಲೇ, ಈ ಹೊಸ ಪಕ್ಷದೊಂದಿಗೆ ಮೈತ್ರಿ ಮಾಡಿಕೊಳ್ಳಬೇಕಾಯಿತು. ಆದರೆ ಮತದಾರರು ಬೇರೆ ತೀರ್ಪು ಕೊಟ್ಟರು: 1996ರಲ್ಲಿ ಯುನೈಟೆಡ್ ಪಕ್ಷಕ್ಕೆ ಸಿಕ್ಕಿದ್ದು ಶೇ. 1ಕ್ಕಿಂತ ಕಡಿಮೆ ಮತ, ಉಳಿದವರು ಒಬ್ಬರೇ ಸದಸ್ಯ. ಹೀಗೆ ಪದ್ಧತಿಯ ಲೆಕ್ಕಾಚಾರದಿಂದ ನೇರವಾಗಿ ಆಗುವ ಪರಿಣಾಮವನ್ನೂ, ಆ ಲೆಕ್ಕವನ್ನು ಊಹಿಸಿ ಜನ ನಡೆದುಕೊಳ್ಳುವುದರಿಂದ ಆಗುವ ಪರಿಣಾಮವನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಫ್ರಾನ್ಸಿನ ವಿದ್ವಾಂಸ ಮಾರಿಸ್ ಡುವರ್ಜೆ ಗುರುತಿಸಿದ ಈ ಭೇದವನ್ನು ಮರೆತರೆ ಮುಂದಿನ ಎಲ್ಲ ವಿಶ್ಲೇಷಣೆಯೂ ಸಡಿಲವಾಗುತ್ತದೆ.

ಪಕ್ಷಗಳನ್ನು ಎಣಿಸುವಾಗ ಬರಿಯ ತಲೆಯೆಣಿಕೆ ಬೇಡ. 50 ಸ್ಥಾನದ ಪಕ್ಷವನ್ನೂ ಎರಡು ಸ್ಥಾನದ ಪಕ್ಷವನ್ನೂ ಸಮಾನವಾಗಿ ಎಣಿಸಿದರೆ ಸದನದ ನಿಜವಾದ ಬಲಾಬಲ ಮರೆಯಾಗುತ್ತದೆ. ಅದಕ್ಕಾಗಿ ರಾಜ್ಯಶಾಸ್ತ್ರಜ್ಞರಾದ ಲಾಕ್ಸೊ ಮತ್ತು ಟಾಗಪೆರಾ 1979ರಲ್ಲಿ ಮುಂದಿಟ್ಟ ‘ಪರಿಣಾಮಕಾರಿ ಪಕ್ಷಗಳ ಸಂಖ್ಯೆ’ಯ ಸೂತ್ರವನ್ನು ಬಳಸಿ: ಒಟ್ಟು ಸ್ಥಾನಗಳ ವರ್ಗವನ್ನು, ಪ್ರತಿ ಪಕ್ಷದ ಸ್ಥಾನಗಳ ವರ್ಗಗಳ ಮೊತ್ತದಿಂದ ಭಾಗಿಸಬೇಕು. 1993ರ ಸದನದಲ್ಲಿ ನ್ಯಾಷನಲ್ 50, ಲೇಬರ್ 45, ಅಲಯನ್ಸ್ 2, ನ್ಯೂಜಿಲೆಂಡ್ ಫಸ್ಟ್ 2. ವರ್ಗಗಳ ಮೊತ್ತ 4533, 99ರ ವರ್ಗ 9801, ಭಾಗಿಸಿದರೆ 2.16. 1996ರಲ್ಲಿ ನ್ಯಾಷನಲ್ 44, ಲೇಬರ್ 37, ನ್ಯೂಜಿಲೆಂಡ್ ಫಸ್ಟ್ 17, ಅಲಯನ್ಸ್ 13, ಆಕ್ಟ್ 8, ಯುನೈಟೆಡ್ 1. ವರ್ಗಗಳ ಮೊತ್ತ 3828, 120ರ ವರ್ಗ 14400, ಭಾಗಲಬ್ಧ 3.76. ತಲೆಯೆಣಿಕೆಯಲ್ಲಿ ನಾಲ್ಕು ಆರಾಗಿದೆ ಅಷ್ಟೆ. ಆದರೆ ಸದನದ ಸ್ವರೂಪ ಎರಡು ಪಕ್ಷಗಳ ಜಟಾಪಟಿಯಿಂದ ನಾಲ್ಕು ಬಣಗಳ ಚೌಕಾಸಿಯತ್ತ ಹೊರಳಿದೆ ಎಂಬುದನ್ನು ಈ ಸೂತ್ರ ತೋರಿಸಿಕೊಡುತ್ತದೆ.

ಸುಧಾರಣೆಯ ಹೆಸರಿಗಿಂತ ಅದರ ಉಪವಿಧಿಗಳನ್ನು ನಿಧಾನವಾಗಿ ಓದಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನ್ಯೂಜಿಲೆಂಡಿನಲ್ಲಿ ಪಟ್ಟಿ ಸ್ಥಾನ ಪಡೆಯಲು ಶೇ. 5ರಷ್ಟು ಪಕ್ಷದ ಮತ ಬೇಕು, ಇಲ್ಲವೇ ಒಂದು ಕ್ಷೇತ್ರವನ್ನಾದರೂ ಗೆದ್ದಿರಬೇಕು. ಈ ‘ಇಲ್ಲವೇ’ ಎಷ್ಟು ದೊಡ್ಡದೆಂದು ನೋಡಿ. 1999ರಲ್ಲಿ ನ್ಯೂಜಿಲೆಂಡ್ ಫಸ್ಟ್ ಪಕ್ಷಕ್ಕೆ ಶೇ. 4.26ರಷ್ಟೇ ಮತ ಸಿಕ್ಕಿತು. ಆದರೆ ಅದರ ನಾಯಕ ವಿನ್‌ಸ್ಟನ್ ಪೀಟರ್ಸ್ ಟೌರಂಗ ಕ್ಷೇತ್ರವನ್ನು ಕೇವಲ 63 ಮತಗಳಿಂದ ಉಳಿಸಿಕೊಂಡದ್ದರಿಂದ ಪಕ್ಷಕ್ಕೆ ಐದು ಸ್ಥಾನ ದೊರೆಯಿತು. 2008ರಲ್ಲಿ ಅದೇ ಪಕ್ಷ ಶೇ. 4.07ರಷ್ಟು ಮತ ಪಡೆದೂ ಕ್ಷೇತ್ರ ಗೆಲ್ಲದ ಕಾರಣ ಸದನದಿಂದಲೇ ಹೊರಬಿತ್ತು; ಶೇ. 3.65ರಷ್ಟು ಮತ ಪಡೆದ ಆಕ್ಟ್ ಪಕ್ಷ ಎಪ್ಸಮ್ ಕ್ಷೇತ್ರವನ್ನು ಗೆದ್ದು ಐದು ಸದಸ್ಯರೊಂದಿಗೆ ಒಳಬಂದಿತು. ಇಂಥ ನಿಯಮವಿರುವ ಕಡೆ ದೊಡ್ಡ ಪಕ್ಷಗಳು ಯಾವ ಕ್ಷೇತ್ರದಲ್ಲಿ ಗಟ್ಟಿಯಾಗಿ ಸ್ಪರ್ಧಿಸುತ್ತವೆ, ಯಾವುದರಲ್ಲಿ ಮಿತ್ರಪಕ್ಷಕ್ಕೆ ದಾರಿ ಬಿಡುತ್ತವೆ ಎಂಬುದನ್ನು ಕ್ಷೇತ್ರವಾರು ಪಟ್ಟಿ ಮಾಡದೆ ಅಧ್ಯಯನ ಪೂರ್ತಿಯಾಗುವುದಿಲ್ಲ.

ಮುಂದೆ ಸದನದ ಒಳಗೆ ಹೋಗಿ. ಕಾರ್ಯವಿಧಾನ ನಿಯಮಗಳು ಪಕ್ಷಗಳನ್ನು ಹೇಗೆ ಗುರುತಿಸುತ್ತವೆ ಎಂಬುದನ್ನು ಪರಿಶೀಲಿಸಿ. ನ್ಯೂಜಿಲೆಂಡಿನಲ್ಲಿ ಹೊಸ ಪದ್ಧತಿಯೊಂದಿಗೇ ಸದನದ ನಿಯಮಗಳನ್ನೂ ತಿದ್ದಲಾಯಿತು: ನಮ್ಮ ಕಲಾಪ ಸಲಹಾ ಸಮಿತಿಯನ್ನು ಹೋಲುವ, ಎಲ್ಲ ಪಕ್ಷಗಳ ಸಹಮತಕ್ಕೆ ಹತ್ತಿರವಾಗಿ ತೀರ್ಮಾನ ಕೈಗೊಳ್ಳಬೇಕಾದ ಸಮಿತಿಯೊಂದು ಬಂತು, ಪರಿಶೀಲನಾ ಸಮಿತಿಗಳ ಸದಸ್ಯತ್ವ ಪಕ್ಷಗಳ ಬಲಕ್ಕೆ ಅನುಗುಣವಾಯಿತು, ಸಾಮಾನ್ಯ ವಿಷಯಗಳಲ್ಲಿ ಸಚೇತಕರೇ ಪಕ್ಷದ ಎಲ್ಲ ಮತಗಳನ್ನು ಒಟ್ಟಾಗಿ ಘೋಷಿಸುವ ಪದ್ಧತಿ ಬಂತು. ಸದನದಲ್ಲಿ ಯಾರಿದ್ದಾರೆ ಎಂಬುದೂ ಬದಲಾಯಿತು. 1993ರಲ್ಲಿ 21 ಇದ್ದ ಮಹಿಳಾ ಸದಸ್ಯರು 1996ರಲ್ಲಿ 35 ಆದರು. ಪಟ್ಟಿ ತಯಾರಿಸುವಾಗ ಪಕ್ಷಗಳು ಎಲ್ಲರೆದುರು ಉತ್ತರ ಕೊಡಬೇಕಾಗುವುದು ಇದಕ್ಕೊಂದು ಕಾರಣ.

ಪಕ್ಷಾಂತರವನ್ನು ಪ್ರತ್ಯೇಕ ಅಧ್ಯಾಯವಾಗಿಯೇ ನೋಡುವುದು ಒಳ್ಳೆಯದು. 1997ರಲ್ಲಿ ಅಲಯನ್ಸ್ ಪಕ್ಷದ ಪಟ್ಟಿಯಿಂದ ಬಂದ ಸದಸ್ಯೆಯೊಬ್ಬರು ಪಕ್ಷ ತೊರೆದು ಸ್ಥಾನವನ್ನು ಮಾತ್ರ ಉಳಿಸಿಕೊಂಡರು. 1998ರಲ್ಲಿ ನ್ಯಾಷನಲ್ ಮತ್ತು ನ್ಯೂಜಿಲೆಂಡ್ ಫಸ್ಟ್ ಪಕ್ಷಗಳ ಮೈತ್ರಿ ಮುರಿದಾಗ ಎರಡನೆಯದರ ಹತ್ತಿರ ಹತ್ತಿರ ಅರ್ಧದಷ್ಟು ಸದಸ್ಯರು ಬೇರೆಯಾದರು. ಪಕ್ಷದ ಮತದಿಂದಲೇ ಗೆದ್ದವರು ಪಕ್ಷ ಬಿಟ್ಟರೆ ಅನುಪಾತವೇ ಕೆಡುತ್ತದೆಂಬ ವಾದದಿಂದ 2001ರಲ್ಲಿ ಪಕ್ಷಾಂತರಕ್ಕೆ ತಡೆಹಾಕುವ ಕಾಯ್ದೆ ಬಂದು 2005ರಲ್ಲಿ ಕೊನೆಗೊಂಡಿತು. 2018ರಲ್ಲಿ ಮತ್ತೆ ಬಂತು. 1985ರಿಂದ ಪಕ್ಷಾಂತರವನ್ನು ತಡೆಯುವ ಸಂವಿಧಾನದ ಹತ್ತನೆಯ ಅನುಸೂಚಿಯಡಿ ಬದುಕುತ್ತಿರುವ ನಾವು ಗಮನಿಸಬೇಕಾದದ್ದು, ಅಲ್ಲಿ ಈ ಕಾಯ್ದೆ ಚುನಾವಣಾ ಪದ್ಧತಿಯ ಬದಲಾವಣೆಯ ಬೆನ್ನಿಗೇ ಹುಟ್ಟಿತು ಎಂಬುದನ್ನು.

ಒಂದೇ ಚುನಾವಣೆಯಿಂದ ತೀರ್ಪು ಕೊಡಬೇಡಿ. 1996ರಲ್ಲಿ ಸರ್ಕಾರ ರಚನೆಗೆ ಸುಮಾರು ಎರಡು ತಿಂಗಳು ಹಿಡಿಯಿತು, ಮೈತ್ರಿ ಎರಡು ವರ್ಷವೂ ಉಳಿಯಲಿಲ್ಲ. ಆದರೆ 1999ರಿಂದ, ಸಚಿವ ಸ್ಥಾನ ಪಡೆಯದೆಯೂ ವಿಶ್ವಾಸಮತ ಮತ್ತು ಬಜೆಟ್‌ಗೆ ಮಾತ್ರ ಬೆಂಬಲ ನೀಡುವ ಒಪ್ಪಂದಗಳನ್ನು ಸಣ್ಣ ಪಕ್ಷಗಳು ಕಲಿತವು; ಅಲ್ಪಮತದ ಸರ್ಕಾರಗಳೂ ಅವಧಿ ಪೂರೈಸಿದವು. 2011ರ ಜನಮತಗಣನೆಯಲ್ಲಿ ಜನ ಪದ್ಧತಿಯನ್ನು ಉಳಿಸಿಕೊಂಡರು; 2020ರಲ್ಲಿ ಲೇಬರ್ ಪಕ್ಷ 65 ಸ್ಥಾನಗಳೊಂದಿಗೆ ಏಕಾಂಗಿ ಬಹುಮತವನ್ನೂ ಪಡೆಯಿತು.

ಭಾರತದ ಕಾನೂನು ಆಯೋಗ 1999ರ ತನ್ನ 170ನೆಯ ವರದಿಯಲ್ಲಿ ಪಟ್ಟಿ ಸ್ಥಾನಗಳನ್ನು ಭಾಗಶಃ ಸೇರಿಸುವ ಸಲಹೆ ನೀಡಿದ್ದುದರಿಂದ, ಇದೇ ಕ್ರಮವನ್ನು ಇಲ್ಲಿಗೆ ಅನ್ವಯಿಸುವ ಆಸೆ ಸಹಜ. ಆಗ ಒಂದು ಎಚ್ಚರ ಅಗತ್ಯ. 2018ರ ಕರ್ನಾಟಕದ ಮತಪ್ರಮಾಣವನ್ನು ಎತ್ತಿಕೊಂಡು ಅನುಪಾತ ಪದ್ಧತಿಯಲ್ಲಿ ಯಾರಿಗೆ ಎಷ್ಟು ಸ್ಥಾನ ಬರುತ್ತಿತ್ತೆಂದು ಲೆಕ್ಕ ಹಾಕಿದರೆ, ಅದನ್ನು ಪದ್ಧತಿಯ ಯಾಂತ್ರಿಕ ಪರಿಣಾಮದ, ಅಂದರೆ ಲೆಕ್ಕಾಚಾರದಿಂದ ನೇರವಾಗಿ ಆಗುವ ಪರಿಣಾಮದ, ಅಂದಾಜೆಂದು ಮಾತ್ರ ಕರೆಯಿರಿ. ಎರಡು ಮತ ಕೈಯಲ್ಲಿದ್ದರೆ ಮತದಾರ ಬೇರೆ ರೀತಿ ಯೋಚಿಸುತ್ತಿದ್ದ, ಟಿಕೆಟ್ ಸಿಗದವರು ಪಕ್ಷೇತರರಾಗಿ ನಿಲ್ಲುವ ಬದಲು ಹೊಸ ಪಟ್ಟಿಯನ್ನೇ ಕಟ್ಟುತ್ತಿದ್ದರು, ಮೈತ್ರಿಗಳು ಚುನಾವಣೆಗೆ ಮೊದಲೇ ಬೇರೆ ಆಕಾರ ಪಡೆಯುತ್ತಿದ್ದವು. ಆದ್ದರಿಂದ ಆ ಅಂದಾಜಿನ ಪಕ್ಕದಲ್ಲೇ, ಯಾವ ಪಕ್ಷದಲ್ಲಿ ಯಾವ ಗುಂಪು ಹೊರಹೋಗಲು ಕಾರಣವಿದೆ ಮತ್ತು ಆ ಗುಂಪಿನ ಮತಗಳು ಒಂದೆರಡು ಜಿಲ್ಲೆಗಳಲ್ಲಿವೆಯೇ ಅಥವಾ ರಾಜ್ಯದುದ್ದಕ್ಕೂ ಚದುರಿವೆಯೇ ಎಂಬುದನ್ನೂ ಬರೆದಿಡಿ.